ಉಪದೇಶಮ್ಮನವರ ಅರ್ಧ ಜಪ

ನೊಂದವರ ಮಗ್ಗುಲಲ್ಲಿ ಕೂತು ತಾನೂ ಅತ್ತ ಯೇಸುಸ್ವಾಮಿಯನ್ನು ನೆನೆದು, ಗಾಣದಕಟ್ಟೆಯ ಪೂಜ್ಯ ಇನ್ನಾಸಮ್ಮನವರ ಬದುಕಿನ ಒಂದು ಸಂಜೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರಿನಲ್ಲಿ ದೇವಾಲಯವಿಲ್ಲ, ಹಬ್ಬವಿಲ್ಲ, ಗೋಡೆಗೆ ತೂಗುಹಾಕಲು ಒಂದು ಪಟವೂ ಇಲ್ಲ. ಅವರನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಕಲ್ಲುಕುಟಿಗ ಮುಡಿಯಪ್ಪನವರು ಮುಪ್ಪಿನಲ್ಲಿ ನನ್ನ ತಂದೆಯವರಿಗೆ ಹೇಳಿದ್ದನ್ನು ತಂದೆಯವರು ನನಗೆ ಹೇಳಿದರು. ನಾನು ಅದಕ್ಕೆ ಉಪ್ಪುಖಾರ ಸೇರಿಸದೆ ನಿಮ್ಮ ಮುಂದಿಡುತ್ತೇನೆ.

ಉಪ್ಪುಖಾರದ ಮಾತು ಸುಮ್ಮನೆ ಎತ್ತಲಿಲ್ಲ. ನಮ್ಮ ಕಡೆ ಕೆಲವರು ಈ ಪ್ರಸಂಗವನ್ನು ಹೇಳುವಾಗ ಗುಡಿಯೊಳಗೆ ದೇವದೂತರ ದನಿ ಕೇಳಿಸಿತೆಂದೂ, ಸಂತರ ವಿಗ್ರಹ ಕಣ್ಣು ತೆರೆಯಿತೆಂದೂ ಸೇರಿಸುತ್ತಾರೆ. ಮುಡಿಯಪ್ಪನವರ ಎದುರಿಗೆ ಯಾರಾದರೂ ಹಾಗೆಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತಂತೆ. "ಅಲ್ಲಿದ್ದೋನು ನಾನೋ ನೀನೋ?" ಎಂದು ಬೈದು ಎದ್ದುಹೋಗುತ್ತಿದ್ದರಂತೆ.

ಗಾಣದಕಟ್ಟೆ ಎಂಬುದು ಬಂಡೆಗಳ ನಡುವೆ ನಲವತ್ತು ಮನೆಗಳಿದ್ದ ಒಂದು ಪಾಳ್ಯ. ಎಲ್ಲರೂ ನಾಲ್ಕೈದು ತಲೆಮಾರಿನಿಂದ ಕ್ರೈಸ್ತರು. ಊರ ತಲೆಯಲ್ಲಿ ಸಂತ ಸೆಬಾಸ್ತಿಯನ್ನರ ಗುಡಿ. ಕಲ್ಲಿನ ಗೋಡೆ, ನಾಡಹೆಂಚು, ಬಾಗಿಲ ಪಕ್ಕದ ಮರದ ಕಂಬಕ್ಕೆ ತೂಗುಹಾಕಿದ ಒಂದು ಗಂಟೆ. ಅಂಟುಜಾಡ್ಯಗಳಿಂದ ಕಾಯುವ ಸಂತರೆಂದು ನಮ್ಮವರು ಅವರಿಗೆ ನಡೆದುಕೊಳ್ಳುತ್ತಿದ್ದರು. ಗುರುಗಳು, ಎಂದರೆ ಪಾದ್ರಿಗಳು, ದೂರದ ಊರಿನಿಂದ ಮೂರು ತಿಂಗಳಿಗೊಮ್ಮೆ ಗಾಡಿಯಲ್ಲಿ ಬರುವವರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರ ಕಲಿಸುವುದು, ಸತ್ತವರನ್ನು ಪ್ರಾರ್ಥನೆ ಹೇಳಿ ಮಣ್ಣು ಮಾಡುವುದು ಎಲ್ಲವೂ ಉಪದೇಶಿ ಸಂದ್ಯಾಗಪ್ಪನವರ ಪಾಲಿಗೆ. ಇನ್ನಾಸಮ್ಮನವರು ಅವರ ಧರ್ಮಪತ್ನಿ. ಊರಿಗೆಲ್ಲ ಅವರು ಉಪದೇಶಮ್ಮ.

ಮೈಸೂರು ಸೀಮೆಗೆ ಪ್ಲೇಗು ಬಂದ ಕಾಲ ಅದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕು ಎಂಬುದು ಆಗ ಮಕ್ಕಳಿಗೂ ಗೊತ್ತಿತ್ತು. ಗಾಣದಕಟ್ಟೆಯಲ್ಲೂ ಇಲಿ ಬಿತ್ತು. ಜನ ಪಾತ್ರೆಪಡಗ ಹೊತ್ತು ಹೊಲಗಳಿಗೆ ಓಡಿ, ಜೋಳದ ಕಡ್ಡಿಯ ಜೋಪಡಿ ಹಾಕಿಕೊಂಡರು. ಮಾರಿ ಅಲ್ಲಿಗೂ ಬಂತು. ಸಂದ್ಯಾಗಪ್ಪನವರು ಜೋಪಡಿಯಿಂದ ಜೋಪಡಿಗೆ ತಿರುಗಿ ರೋಗಿಗಳ ಬಾಯಿಗೆ ನೀರು ಬಿಟ್ಟರು, ಪ್ರಾರ್ಥನೆ ಹೇಳಿದರು, ಹೆಣ ಹೊತ್ತರು. ಹತ್ತನೆಯ ದಿನಕ್ಕೆ ಅವರೇ ಮಲಗಿದರು. ಅವರ ಹಿಂದೆ ದೊಡ್ಡ ಮಗ, ಅವನ ಹಿಂದೆ ಚಿಕ್ಕ ಮಗ. ಎರಡು ವಾರದಲ್ಲಿ ಇನ್ನಾಸಮ್ಮನವರ ಮನೆ ಬರಿದಾಯಿತು.

ಜಾಡ್ಯ ಇಳಿದ ಮೇಲೂ ಜನ ಹಳೆಯ ಊರಿಗೆ ಮರಳಲಿಲ್ಲ. ಹೆದ್ದಾರಿಯ ಬದಿಯಲ್ಲಿ, ಎರಡು ಮೈಲಿ ಆಚೆ, ಹೊಸಪಾಳ್ಯ ಕಟ್ಟಿಕೊಂಡರು. ಗುರುಗಳು ಬಂದಾಗ ಪೂಜೆಯೂ ಅಲ್ಲೇ, ಒಂದು ಚಪ್ಪರದಡಿ. ಇನ್ನಾಸಮ್ಮನವರನ್ನೂ ಕರೆದರು. "ಗುಡಿಯಲ್ಲಿ ದೀಪ ಹಚ್ಚೋರು ಒಬ್ಬರು ಬೇಕಲ್ಲಪ್ಪ" ಎಂದು ಅವರು ಹಳೆಯ ಊರಿನಲ್ಲೇ ಉಳಿದರು. ಆಗ ಅವರಿಗೆ ಅರವತ್ತರ ಹತ್ತಿರ. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ವಯಸ್ಸು. ಒಂದು ಮೇಕೆ, ಗುಡಿಯ ಹಿಂದೆ ನಾಲ್ಕು ಸಾಲು ಹರಳುಗಿಡ. ಆ ಹರಳಿನಿಂದ ತಾವೇ ಎಣ್ಣೆ ತೆಗೆದು ದೀಪಕ್ಕೆ ಹಾಕುವರು. ಹೊಸಪಾಳ್ಯದ ಯಾರಾದರೂ ನೆನಪಾದಾಗ ರಾಗಿ ತಂದು ಊರಾಚೆಯ ಕಲ್ಲಿನ ಮೇಲೆ ಇಟ್ಟು ಹೋಗುವರು, ಒಳಗೆ ಕಾಲಿಡಲು ಭಯ. ನೆನಪಾಗದಿದ್ದರೆ ಇಲ್ಲ. ಸೂರು ಕುಸಿದ ಮೂವತ್ತೊಂಬತ್ತು ಮನೆಗಳ ನಡುವೆ ಆ ತಾಯಿ ಮೂರು ವರ್ಷ ಒಬ್ಬರೇ ಇದ್ದರು. ದಿನಕ್ಕೆ ಮೂರು ಸಲ ಗಂಟೆ ಬಾರಿಸಿದರು, ಪ್ರತಿ ಸಂಜೆ ಜಪಸರ ಹೇಳಿದರು.

ನಮ್ಮಲ್ಲಿ ಜಪಸರ ಹೇಳುವ ಕ್ರಮವನ್ನು ತಿಳಿಯದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಒಂದೊಂದು ಮಣಿಗೂ ಒಂದೊಂದು ‘ನಮೋ ಮರಿಯಾ’. ಹತ್ತು ಮಣಿಗೆ ಒಂದು ಸುತ್ತು, ಅಂಥ ಐದು ಸುತ್ತಿಗೆ ಒಂದು ಜಪಸರ. ಅದರ ಮೊದಲರ್ಧ ದೇವಮಾತೆಗೆ ವಂದನೆ, ಅದನ್ನು ಒಬ್ಬರು ಹೇಳುತ್ತಾರೆ. ಉಳಿದರ್ಧ ‘ಸಂತ ಮರಿಯಾ’ ಎಂದು ಶುರುವಾಗುವ ಬೇಡಿಕೆ: ಪಾಪಿಗಳಾದ ನಮಗಾಗಿ ಈಗಲೂ, ನಮ್ಮ ಸಾವಿನ ಗಳಿಗೆಯಲ್ಲೂ ಪ್ರಾರ್ಥಿಸಬೇಕೆಂದು. ಅದನ್ನು ಹೇಳುವುದು ಜೊತೆಗಿರುವವರ ಪಾಲು. ಇದಕ್ಕೆ ಉತ್ತರ ಕೊಡುವುದು ಎನ್ನುತ್ತೇವೆ. ಒಬ್ಬರೇ ಇದ್ದರೆ ಎರಡು ಪಾಲನ್ನೂ ತಾವೇ ಹೇಳಿಕೊಂಡು ಮುಗಿಸುವುದು ಎಲ್ಲ ಕಡೆಯ ರೂಢಿ.

ಗಾಣದಕಟ್ಟೆಯವರು ಇದರಲ್ಲಿ ಬಲು ಕಟ್ಟುನಿಟ್ಟು. ಯಾರಾದರೂ ಮೊದಲರ್ಧ ಎತ್ತಿದರೆ, ಕಿವಿಗೆ ಬಿದ್ದವನು ಉತ್ತರ ಕೊಡಲೇಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಸರಿ. ಆ ಊರಿನಲ್ಲಿ ಜೋಜಪ್ಪ, ಲಾಜರಪ್ಪ ಎಂಬ ಅಣ್ಣತಮ್ಮಂದಿರಿದ್ದರಂತೆ. ಒಂದು ಹುಣಸೆಮರದ ಸಲುವಾಗಿ ಆರು ವರ್ಷ ಅವರಲ್ಲಿ ಮಾತಿರಲಿಲ್ಲ. ಆದರೂ ಸಂಜೆಯಾದರೆ ಅಣ್ಣ ತನ್ನ ಜಗಲಿಯಲ್ಲಿ ಕೂತು ಮೊದಲರ್ಧ ಹೇಳುವುದು, ತಮ್ಮ ತನ್ನ ಜಗಲಿಯಲ್ಲಿ ಮುಖ ಆಚೆ ತಿರುಗಿಸಿಕೊಂಡು ಉತ್ತರ ಕೊಡುವುದು. ಜಪ ಮುಗಿದ ಕೂಡಲೇ ಇಬ್ಬರೂ ಬಾಗಿಲು ಹಾಕಿಕೊಳ್ಳುವುದು. ಊರಿನವರು ನಕ್ಕರೂ ಅದನ್ನು ತಪ್ಪೆನ್ನಲಿಲ್ಲ. ಜಗಳ ಜಗಳವೇ, ಜಪಕ್ಕೆ ಉತ್ತರ ಉತ್ತರವೇ.

ಸಾವಿನ ಮನೆಯಲ್ಲಂತೂ ಇದು ಇನ್ನೂ ಮುಖ್ಯ. ಮನೆಯವರು ಮೊದಲರ್ಧ ಹೇಳುವರು. ಸಾಯುವವರು ಉಸಿರಿರುವ ತನಕ ಉತ್ತರ ಕೊಡುವರು. ಪ್ರಾಣ ಹೋದ ಮೇಲೆ ಅವರ ಜಪಸರವನ್ನು ಅವರ ಕೈಗೇ ಸುತ್ತಿ ಮಣ್ಣು ಮಾಡುವರು. ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎಂಬುದು ಹಿರಿಯರ ಮಾತು.

ಇನ್ನು ಆ ಸಂಜೆಗೆ ಬರುತ್ತೇನೆ. ನವೆಂಬರ್ ಎರಡು, ಸಕಲ ಮೃತರನ್ನು ನೆನೆಯುವ ದಿನ. ಬೆಳಿಗ್ಗೆ ಹೊಸಪಾಳ್ಯದ ಜನ ಗುಡಿಯ ಮುಂದಿನ ಸಮಾಧಿಗಳಿಗೆ ಬಂದಿದ್ದರು. ಮೇಣದಬತ್ತಿ ಹಚ್ಚಿದರು, ಅವಸರ ಅವಸರವಾಗಿ ಶಿಲುಬೆಯ ಗುರುತು ಹಾಕಿಕೊಂಡರು, ಬಿಸಿಲೇರುವ ಮುಂಚೆ ಹೊರಟುಬಿಟ್ಟರು. ಒಂದು ಜಪಸರ ಹೇಳುವಷ್ಟು ಹೊತ್ತೂ ನಿಲ್ಲಲಿಲ್ಲ. ಹಾಲು ಉಕ್ಕಿದರೂ ಉತ್ತರ ಕೊಡುತ್ತಿದ್ದ ಊರು ಇದೇ! ಭಯ ಹೊಕ್ಕ ಎದೆಯಲ್ಲಿ ಕಟ್ಟುಕಟ್ಟಳೆಗೆ ಎಲ್ಲಿಯ ಜಾಗ?

ಸಂಜೆ ಇನ್ನಾಸಮ್ಮನವರು ಸಮಾಧಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಮೇಲೆ ಕರಗಿ ಹರಿದಿದ್ದ ಮೇಣವನ್ನು ಮುರುಕು ಕುಡುಗೋಲಿನಿಂದ ಕೆರೆದು ಮಡಕೆಯ ಚೂರಿಗೆ ತುಂಬಿಕೊಳ್ಳುತ್ತಿದ್ದರು. ಅದನ್ನು ಕರಗಿಸಿ, ಬತ್ತಿ ಹಾಕಿ, ಕ್ರಿಸ್ಮಸ್ಸಿಗೆ ಪೀಠದ ಮೇಲೆ ಹಚ್ಚುವುದು ಅವರ ಲೆಕ್ಕಾಚಾರ. ಹೆಜ್ಜೆಯ ಸದ್ದಾಯಿತು. ಆ ಊರಿನಲ್ಲಿ ಸಂಜೆ ಹೊತ್ತಿಗೆ ಹೆಜ್ಜೆಯ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು.

"ಯಾರಪ್ಪ ಅದು?"

"ನಾನವ್ವ. ಕಲ್ಲುಕುಟಿಗರ ಮುಡಿಯಪ್ಪ."

ಮುಡಿಯಪ್ಪನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಅದೇ ಊರಿನವನು, ಇನ್ನಾಸಮ್ಮನವರ ಮುಂದೆ ಕೂತು ಮಂತ್ರ ಕಲಿತವನು. ಪ್ಲೇಗಿನಲ್ಲಿ ಅವನ ಹೆಂಡತಿ ಜ್ಞಾನಮ್ಮ, ನಾಲ್ಕು ವರ್ಷದ ಮಗಳು ತೆರೇಸ ಇಬ್ಬರೂ ಹೋಗಿದ್ದರು. ಅಂದಿನಿಂದ ಅವನು ಗುರುಗಳು ಬಂದರೂ ಪೂಜೆಗೆ ಬಂದವನಲ್ಲ, ಯಾರೊಡನೆಯೂ ನಾಲ್ಕು ಮಾತಾಡಿದವನಲ್ಲ. ಈಗ ಹೆಗಲ ಮೇಲೆ ಉಳಿ ಸುತ್ತಿಗೆಯ ಗಂಟಿತ್ತು. ಮೈ ಕರಗಿ ಮೂಳೆ ಕಾಣುತ್ತಿತ್ತು.

"ಬೆಳಿಗ್ಗೆ ಎಲ್ಲರ ಜೊತೆ ನೀನು ಬರಲಿಲ್ಲವಲ್ಲಪ್ಪ."

"ಬಂದು ಯಾವ ಕಲ್ಲಿನ ಮೇಲೆ ಬತ್ತಿ ಹಚ್ಚಲವ್ವ? ನನ್ನೋರನ್ನ ಪ್ಲೇಗಿನ ಗಾಡೀಲಿ ಹಾಕ್ಕೊಂಡು ಹೋದ್ರು. ಗುಂಡಿಗೆ ತಳ್ಳಿ ಸುಣ್ಣ ಸುರುದ್ರು. ಎಲ್ಲಿ ಅಂತ ಕೇಳುದ್ರೆ ಹೇಳೋಕೂ ಯಾರಿಗೂ ಗೊತ್ತಿಲ್ಲ."

ಅವನು ಗುಡಿಯ ಕಡೆ ಕೈ ತೋರಿಸಿ ಮುಂದುವರಿಸಿದ.

"ಜಾಡ್ಯದಿಂದ ಕಾಯೋ ಸಂತ ಅಂತ ನಮ್ಮ ತಾತ ಆ ಗೋಡೆಗೆ ಕಲ್ಲು ಹೊತ್ತ. ಅವನ ಮೊಮ್ಮಗನ ಮನೇನೇ ಹಾಳಾಯ್ತು. ಏನವ್ವ ಕಾದಿದ್ದು ನಿಮ್ಮ ಸಂತ?"

ತೆರೆದ ಬಾಗಿಲಿನಿಂದ ಒಳಗಿನ ವಿಗ್ರಹ ಕಾಣುತ್ತಿತ್ತು. ಕಂಬಕ್ಕೆ ಕಟ್ಟಿದ ದೇಹ, ಎದೆಯಲ್ಲಿ, ತೊಡೆಯಲ್ಲಿ ನೆಟ್ಟ ಬಾಣಗಳು. ಇನ್ನಾಸಮ್ಮನವರು ಅತ್ತ ನೋಡಿದರು.

"ಅವರ ಮೈ ನೋಡಪ್ಪ. ಅವರನ್ನೂ ಯಾರೂ ಕಾಯಲಿಲ್ಲ."

ಮುಡಿಯಪ್ಪ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಬಟ್ಟೆಯ ಗಂಟನ್ನು ಬಿಚ್ಚಿದ. ಒಳಗಿದ್ದದ್ದು ಮರದ ಮಣಿಗಳ ಒಂದು ಜಪಸರ. ಶಿಲುಬೆಯ ಒಂದು ತೋಳು ಮುರಿದಿತ್ತು.

"ಇದು ಅವಳದು. ಒಳಗೆ ಎಲ್ಲಾದರೂ ಮಡಗಿ. ನಾನು ನಾಳೆ ಚಿನ್ನದ ಗಣಿಗೆ ಹೊರಟೆ. ಅಲ್ಲಿ ಯಾರೂ ನನ್ನ ಕ್ರಿಸ್ತಾನನಾ ಅಂತ ಕೇಳೋದಿಲ್ಲ, ನಾನೂ ಹೇಳೋದಿಲ್ಲ. ನನಗೂ ಈ ದೇವರಿಗೂ ಇವತ್ತಿಗೆ ಮುಗೀತು."

ಈ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಒಂದು ಧರ್ಮೋಪದೇಶವನ್ನೇ ಮಾಡುತ್ತಿದ್ದರು. ನನ್ನಂಥವನಾಗಿದ್ದರೆ ನರಕದ ಹೆದರಿಕೆಯನ್ನೂ ಹಾಕುತ್ತಿದ್ದನೋ ಏನೋ. ಇನ್ನಾಸಮ್ಮನವರು ತಮ್ಮ ಎರಡು ಅಂಗೈಗಳನ್ನು ಅವನಿಗೆ ತೋರಿಸಿದರು.

"ಕೈಯೆಲ್ಲ ಮೇಣ ಕಣಪ್ಪ. ಮಣಿಗೆ ಮೆತ್ತಿಕೊಳ್ಳುತ್ತೆ. ನಿನ್ನ ಹತ್ರಾನೇ ಇರಲಿ. ಜಪ ಆದಮೇಲೆ ತಕ್ಕೋತೀನಿ."

ಬೇಡವೆನ್ನಲು ಅವನಿಗೆ ನಾಲಗೆ ಬರಲಿಲ್ಲ. ಹಿರಿಯರು, ಮಂತ್ರ ಕಲಿಸಿದವರು. ಇಷ್ಟು ಕಾಲ ಕಾದವನು ಇನ್ನರ್ಧ ಗಂಟೆ ಕಾಯಬಲ್ಲೆ ಎಂದುಕೊಂಡು, ಒಳಗೆ ಹೋಗದೆ ಗುಡಿಯ ಜಗಲಿಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂತ. ಇನ್ನಾಸಮ್ಮನವರು ಬೂದಿಯಲ್ಲಿ ಕೈ ಉಜ್ಜಿ ತೊಳೆದು, ಗಂಟೆ ಬಾರಿಸಿ, ಹರಳೆಣ್ಣೆಯ ದೀಪ ಹಚ್ಚಿದರು. ಪೀಠದ ಮುಂದೆ ಮಂಡಿಯೂರಿ ಜಪ ಎತ್ತಿದರು.

ಮೊದಲ ಮಣಿ. ಮೊದಲರ್ಧ ಹೇಳಿದರು, ನಿಲ್ಲಿಸಿದರು. ಗುಡಿಯೊಳಗೆ ಸದ್ದಿಲ್ಲ. ಉಳಿದರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು, ಎರಡನೆಯ ಮಣಿಗೆ ಹೋದರು. ಮತ್ತೆ ಮೊದಲರ್ಧ, ಮತ್ತೆ ನಿಲುಗಡೆ. ವಯಸ್ಸಾಗಿದೆ, ಮರೆತಿದ್ದಾರೆ ಎಂದುಕೊಂಡ ಮುಡಿಯಪ್ಪ. ಮೂರನೆಯದಕ್ಕೂ ಹಾಗೇ. ನಾಲ್ಕನೆಯದಕ್ಕೆ ಅವನಿಗೆ ತಿಳಿಯಿತು, ಇದು ಮರೆವಲ್ಲ. ಅಳೆದು ಬಿಟ್ಟ ಜಾಗ ಅದು. ತಾವು ಹೇಳಬಹುದಾದ ಮಾತನ್ನು ಹೇಳದೆ ಅವರು ಯಾರಿಗೋ ಕಾಯುತ್ತಿದ್ದಾರೆ.

ಆ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಅದು ಎಂಥ ಹಿಂಸೆ! ಮೊದಲರ್ಧ ಕಿವಿಗೆ ಬಿದ್ದರೆ ನಾಲಗೆ ತಾನಾಗಿ ಎದ್ದುಬಿಡುತ್ತದೆ. ಅವನು ಹಲ್ಲು ಕಚ್ಚಿ ಹಿಡಿದ. ಐದನೆಯದು, ಆರನೆಯದು. ಪ್ರತಿ ನಿಲುಗಡೆಯಲ್ಲೂ ಅವನಿಗೆ ಮತ್ತೊಬ್ಬರ ಕಣ್ಣು ಕಾಣತೊಡಗಿತು. ಕೈಯಲ್ಲಿದ್ದ ಜಪಸರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಮಣಿಗಳು ಅಂಗೈಯಲ್ಲಿ ಅಚ್ಚೊತ್ತಿದವು. ಹತ್ತನೆಯ ಮಣಿಯ ನಿಲುಗಡೆಯಲ್ಲಿ ಅವನು ಎದ್ದು ಬಾಗಿಲಲ್ಲಿ ನಿಂತು ಕೂಗಿದ.

"ಯಾರಿಗವ್ವ ಕಾಯ್ತಾ ಇದ್ದೀರಿ? ಯಾರಿದಾರೆ ಇಲ್ಲಿ?"

ಇನ್ನಾಸಮ್ಮನವರು ಮಣಿಯ ಮೇಲಿನ ಬೆರಳನ್ನು ತೆಗೆಯದೆ ತಿರುಗಿ ನೋಡಿದರು.

"ನಮ್ಮ ಯಜಮಾನರ ಜಾಗ ಆ ಕಿಟಕಿ ಕೆಳಗೆ. ದೊಡ್ಡವನು ಅವರ ಪಕ್ಕ, ಚಿಕ್ಕವನು ಬಾಗಿಲ ಹತ್ರ, ಜಪ ಮುಗಿಯೋ ಮುಂಚೆ ಓಡೋಕೆ ಸುಲಭ ಅಂತ. ಆ ಕಡೆಯೆಲ್ಲ ಊರು. ಉತ್ತರ ಅವರ ಪಾಲು. ಅವರ ಪಾಲನ್ನ ನಾನು ಹೇಗಪ್ಪ ಹೇಳಲಿ?"

"ಕೇಳ್ಸುತ್ತಾ ನಿಮಗೆ? ಅವರು ಹೇಳೋದು ಕೇಳ್ಸುತ್ತಾ?"

ಸುಳ್ಳು ಹೇಳುವ ಬಾಯಲ್ಲ ಅದು.

"ಇಲ್ಲ ಕಣಪ್ಪ. ಮೂರು ವರ್ಷದಲ್ಲಿ ಒಂದು ದಿನಾನೂ ಕೇಳಿಸಿಲ್ಲ."

ನನ್ನ ತಂದೆಯವರು ಹೇಳುತ್ತಿದ್ದರು: ಅವರು "ಕೇಳಿಸುತ್ತದೆ" ಎಂದಿದ್ದರೆ ಮುಡಿಯಪ್ಪ ಕ್ಯಾಕರಿಸಿ ಉಗಿದು, ಆ ಜಪಸರವನ್ನು ಅಲ್ಲೇ ಎಸೆದು ಹೋಗಿಬಿಡುತ್ತಿದ್ದ. "ಇಲ್ಲ" ಎಂಬ ಮಾತು ಅವನ ಕಾಲು ಕಟ್ಟಿತು. ಅವನು ಮೂರು ವರ್ಷದಿಂದ ಯಾವ ಖಾಲಿತನದಲ್ಲಿ ಬದುಕಿದ್ದನೋ ಅದೇ ಖಾಲಿತನದ ಎದುರು ಈ ತಾಯಿ ದಿನವೂ ಮಂಡಿಯೂರುತ್ತಿದ್ದರು. ಅವನು ಹೊಸ್ತಿಲ ಮೇಲೆ ಕೂತ. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದ.

"ಮಗು ಹೋಗಿ ಎರಡು ದಿನಕ್ಕೆ ಅವಳಿಗೂ ಕಂಕುಳಲ್ಲಿ ಗಡ್ಡೆ ಎದ್ದಿತು ಅವ್ವ. ಮಧ್ಯಾಹ್ನ ಉಸಿರು ಎಳೆಯೋಕೆ ಶುರುವಾಯ್ತು. ನಾನು ಜಪ ಹೇಳಬೇಕಿತ್ತು, ಅವಳು ಉತ್ತರ ಕೊಡಬೇಕಿತ್ತು. ನಾನು ಹೇಳಲಿಲ್ಲ. ಮಗೂನ ಕಿತ್ಕೊಂಡವನಿಗೆ ನಾನ್ಯಾಕೆ ಕೈ ಮುಗೀಲಿ ಅಂತ ಜೋಪಡಿ ಗೋಡೆ ಕಡೆ ತಿರುಗಿ ಕೂತೆ. ಕಾದು ಕಾದು ಅವಳೇ ಎತ್ತಿದಳು. ಸಾಯೋ ಹೆಂಗಸು, ಅವಳೇ ಮೊದಲರ್ಧ ಹೇಳಿದಳು. ಹೇಳಿ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಹೇಳಿದಳು. ಬಿಡಲಿಲ್ಲ. ಮೂರನೇ ಸಲ ಹೇಳಿ, ನೋಡ್ತಾ ನೋಡ್ತಾನೇ ಹೋಗ್ಬಿಟ್ಟಳು."

ಕೈಯಲ್ಲಿದ್ದ ಸರವನ್ನು ಎತ್ತಿ ತೋರಿಸಿದ. "ಗಾಡಿಯೋರು ಬಂದು ಎತ್ತಿ ಹಾಕ್ಕೊಂಡಾಗ ಇದು ನನ್ನ ಕೈಲೇ ಇತ್ತು. ಬರಿಗೈಲಿ ಹೋದಳವ್ವ. ಉತ್ತರಾನೂ ಇಲ್ದೆ, ಸರಾನೂ ಇಲ್ದೆ. ದೇವರನ್ನ ಬಿಡ್ತೀನಿ ಅಂದ್ನಲ್ಲ, ಸುಳ್ಳು. ಅವನ ಮುಂದೆ ನಿಲ್ಲೋ ಮುಖ ನನಗಿಲ್ಲ."

ಓದುವ ಭಕ್ತರೇ, ಸಂತರ ಮಾತು ಎಂದರೆ ನಾವು ಏನೇನೋ ನಿರೀಕ್ಷಿಸುತ್ತೇವೆ. ಇನ್ನಾಸಮ್ಮನವರು ಹೇಳಿದ್ದು ಇಷ್ಟು:

"ಹಾಗಾದರೆ ಅವಳು ಇನ್ನೂ ಕಾಯ್ತಾ ಇದ್ದಾಳೆ. ಉತ್ತರ ಕೊಡಪ್ಪ."

"ಮೂರು ವರ್ಷ ಆಯ್ತಲ್ಲವ್ವ."

"ನಮಗೆ ಆಯ್ತು. ಸಾವಿನ ಗಳಿಗೇಲೂ ನಮಗಾಗಿ ಬೇಡ್ಕೋ ಅಂತ ತಾನೇ ಆ ಮಾತಿರೋದು? ಆ ತಾಯಿ ಕೇಳಿಸ್ಕೊಳ್ಳೋದಕ್ಕೆ ಹೊತ್ತು ಮೀರೋದಿಲ್ಲ."

"ನೀವೇ ಹೇಳಿಬಿಡಿ ಅವ್ವ, ನನ್ನ ಪರವಾಗಿ."

"ನನ್ನ ಪಾಲಲ್ಲ ಅದು. ಗುರುಗಳು ಬಂದರೂ ಅವರ ಪಾಲಲ್ಲ."

ಇಷ್ಟು ಹೇಳಿ ಅವರು ಪೀಠದ ಕಡೆ ತಿರುಗಿದರು. ಅವನಿಗೆ ನೆನಪು ಮಾಡಿಕೊಡಲಿಲ್ಲ, ಅವಸರ ಮಾಡಲಿಲ್ಲ, ಇನ್ನೊಂದು ಸಮಾಧಾನದ ಮಾತೂ ಆಡಲಿಲ್ಲ. ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸುವವರು ಯಾರು? ಹೊರಗೆ ಬೆಳಕು ಕೆಂಪಗಾಗಿ ಮಸುಕಾಯಿತು. ಮೇಕೆ ಒಂದೆರಡು ಸಲ ಅರಚಿ ಸುಮ್ಮನಾಯಿತು. ಮುಡಿಯಪ್ಪ ಬಾಯಿ ತೆರೆದ, ದನಿ ಬರಲಿಲ್ಲ. ಮತ್ತೆ ತೆರೆದ. ಮೂರು ವರ್ಷ ಆ ಮಾತನ್ನು ಮುಟ್ಟದಿದ್ದ ನಾಲಗೆ. ಕೊನೆಗೆ ‘ಸಂತ ಮರಿಯಾ’ ಎಂಬ ಎರಡು ಪದ ಹೊರಬಿದ್ದವು, ಹಿಂದೆಯೇ ಉಳಿದದ್ದೆಲ್ಲ ಬಂತು. ಈಗಲೂ, ನಮ್ಮ ಸಾವಿನ ಗಳಿಗೆಯಲ್ಲೂ ಎನ್ನುವಲ್ಲಿ ಅವನು ಹೊಸ್ತಿಲಿಗೆ ಹಣೆ ಚಚ್ಚಿಕೊಂಡು ಅತ್ತ. ಜ್ಞಾನಮ್ಮ ಮೂರು ಸಲ ಎತ್ತಿದ್ದಳು. ಅವನು ಮೂರು ಸಲವೂ ಉತ್ತರ ಕೊಟ್ಟ.

ದೇವದೂತರು ಬರಲಿಲ್ಲ. ವಿಗ್ರಹ ಕಣ್ಣು ತೆರೆಯಲಿಲ್ಲ. ಆದರೆ ಮುಡಿಯಪ್ಪ ತಲೆ ಎತ್ತಿದಾಗ ಇನ್ನಾಸಮ್ಮನವರ ಕೈಯಿಂದ ಜಪಸರ ಜಾರಿ ನೆಲದ ಮೇಲೆ ಬಿದ್ದಿತ್ತು. ಅವರು ಅದನ್ನು ಹುಡುಕುತ್ತಿದ್ದರು, ಕಣ್ಣು ತುಂಬಿ ನೆಲ ಕಾಣುತ್ತಿರಲಿಲ್ಲ. ಅವನೇ ಎತ್ತಿಕೊಟ್ಟ.

"ಈ ಗೋಡೆಯೊಳಗೆ ಒಂದು ಉತ್ತರ ಕೇಳಿ ಮೂರು ವರ್ಷ ಆಯ್ತು ಕಣಪ್ಪ" ಎಂದರು. ಕಣ್ಣೊರೆಸಿಕೊಂಡು, ನಾಚಿಕೊಂಡವರಂತೆ, "ಇವತ್ತು ಬೆಳಿಗ್ಗೆ ಅವರೆಲ್ಲ ನಿಲ್ಲದೆ ಹೋದರಲ್ಲ, ಆಗ ನನಗೂ ಸಾಕಾಗಿತ್ತು. ನಾಳೆಯಿಂದ ಎರಡು ಪಾಲನ್ನೂ ನಾನೇ ಹೇಳಿ ಮುಗಿಸೋದು ಅಂತ ಮನಸ್ಸು ಮಾಡಿದ್ದೆ" ಎಂದರು.

ಆಮೇಲೆ ಎರಡನೆಯ ಸುತ್ತು ಎತ್ತಿದರು. ಮುಡಿಯಪ್ಪ ಒಳಗೆ ಬಂದು ಮಂಡಿಯೂರಿ ಉತ್ತರ ಕೊಟ್ಟ. ಎಲ್ಲಿ ಮಂಡಿಯೂರಬೇಕೆಂದು ಅವನು ಕೇಳಲಿಲ್ಲ, ಕಿಟಕಿಯ ಕೆಳಗಿನ ಜಾಗವನ್ನು ಮಾತ್ರ ಬಿಟ್ಟ. ಐದು ಸುತ್ತೂ ಮುಗಿಯಿತು. ಜ್ಞಾನಮ್ಮನ ಜಪಸರವನ್ನು ಇನ್ನಾಸಮ್ಮನವರು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಅವನು ಗಣಿಗೆ ಹೋಗಲಿಲ್ಲ. ಮುಡಿಯಪ್ಪನವರು ಎಂದು ಇನ್ನು ಮುಂದೆ ಬರೆಯುತ್ತೇನೆ, ಅವರು ನಮಗೆ ಹಾಗೆಯೇ ಪರಿಚಯ. ಹಗಲೆಲ್ಲ ಕಲ್ಲು ಒಡೆದು, ಸಂಜೆ ಹೊಸಪಾಳ್ಯದಿಂದ ಎರಡು ಮೈಲಿ ನಡೆದು ಬರುತ್ತಿದ್ದರು. ಮಳೆಯಿರಲಿ, ಮೈಯಲ್ಲಿ ಜ್ವರವಿರಲಿ, ಗಂಟೆಯ ಹೊತ್ತಿಗೆ ಅವರು ಗುಡಿಯಲ್ಲಿ. ಹೊಸಪಾಳ್ಯದವರು ಮೊದಮೊದಲು "ಉತ್ತರದ ಮುಡಿಯಪ್ಪ" ಎಂದು ಆಡಿಕೊಂಡು ನಕ್ಕರು. ವರ್ಷ ಕಳೆದ ಹಾಗೆ ಒಬ್ಬಿಬ್ಬರು ಹಿಂದೆ ಬಂದರು. ಮುದಿ ಲಾಜರಪ್ಪ ಬಂದು, ಸತ್ತುಹೋಗಿದ್ದ ಅಣ್ಣನ ಜಾಗದ ಪಕ್ಕ ಕೂತು ಮುಖ ಆಚೆ ತಿರುಗಿಸಿಕೊಳ್ಳದೆ ಜಪ ಹೇಳಿದನಂತೆ. ಆದರೆ ಹೆಚ್ಚಿನ ಸಂಜೆಗಳಲ್ಲಿ ಇದ್ದವರು ಇಬ್ಬರೇ. ಊರು ಮತ್ತೆ ಊರಾಗಲಿಲ್ಲ. ಸತ್ತವರು ಉತ್ತರ ಕೊಟ್ಟದ್ದು ಕೇಳಿಸಲೂ ಇಲ್ಲ. "ಒಂಟಿತನ ಹೋಯ್ತಾ ತಾತ?" ಎಂದು ನನ್ನ ತಂದೆಯವರು ಕೇಳಿದ್ದಕ್ಕೆ ಮುಡಿಯಪ್ಪನವರು, "ಹೋಗಲಿಲ್ಲ ಕಣಯ್ಯ. ಅದನ್ನ ಇಬ್ಬರೂ ಹೊತ್ಕೊಂಡಿದ್ವಿ" ಎಂದರಂತೆ.

ಹೀಗೆ ಹನ್ನೊಂದು ವರ್ಷ ನಡೆಯಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮಧ್ಯಾಹ್ನ ಇನ್ನಾಸಮ್ಮನವರಿಗೆ ಏಳಲಾಗಲಿಲ್ಲ. ರಾಗಿ ತಂದವರಿಂದ ಸುದ್ದಿ ತಿಳಿದು ಮುಡಿಯಪ್ಪನವರು ಉಳಿ ಬಿಟ್ಟು ಓಡಿ ಬಂದರು, ಹೊಸಪಾಳ್ಯದ ನಾಲ್ಕು ಹೆಂಗಸರೂ ಬಂದರು. ಚಾಪೆಯ ಮಗ್ಗುಲಲ್ಲಿ ಕೂತು ಮುಡಿಯಪ್ಪನವರೇ ಮೊದಲರ್ಧ ಎತ್ತಿದರು. ಈ ಸಲ ಅವರು ಗೋಡೆಯ ಕಡೆ ತಿರುಗಲಿಲ್ಲ. ಇನ್ನಾಸಮ್ಮನವರು ಮೆಲುದನಿಯಲ್ಲಿ ಉತ್ತರ ಕೊಡುತ್ತ ಬಂದರು. ಎರಡನೆಯ ಸುತ್ತಿನ ನಾಲ್ಕನೆಯ ಮಣಿಯಲ್ಲಿ ಉತ್ತರ ಬರಲಿಲ್ಲ. ಹೆಂಗಸರು ಗೋಳೋ ಎಂದು ಅಳತೊಡಗಿದರು. ಮುಡಿಯಪ್ಪನವರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಉಳಿದರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಜಾಗ ಬಿಟ್ಟು, ಐದನೆಯ ಮಣಿಗೆ ಹೋದರು. ಕೊನೆಯ ಸುತ್ತಿನ ಕೊನೆಯ ಮಣಿಯ ತನಕ ಹಾಗೆಯೇ ಹೇಳಿ ಮುಗಿಸಿದರು.

ಮಣ್ಣು ಮಾಡುವ ಮುಂಚೆ ಹೆಂಗಸೊಬ್ಬಳು ಇನ್ನಾಸಮ್ಮನವರ ಸವೆದ ಜಪಸರವನ್ನು ಅವರ ಕೈಗೆ ಸುತ್ತಲು ಬಂದಳು. ಮುಡಿಯಪ್ಪನವರು ಅದನ್ನು ಕೇಳಿ ಇಸಿದುಕೊಂಡು ತಮ್ಮ ಕೊರಳಿಗೆ ಹಾಕಿಕೊಂಡರು. ಸೊಂಟದ ಗಂಟನ್ನು ಬಿಚ್ಚಿ, ತೋಳು ಮುರಿದ ಶಿಲುಬೆಯ, ಜ್ಞಾನಮ್ಮನ ಆ ಹಳೆಯ ಸರವನ್ನು ತೆಗೆದರು. ಮಂಡಿಯೂರಿ, ತಣ್ಣಗಾದ ಆ ಎರಡು ಕೈಗಳಿಗೆ ಅದನ್ನು ಒಂದೊಂದೇ ಸುತ್ತಾಗಿ ಸುತ್ತಿದರು.

"ಜಪ ಆಯ್ತಲ್ಲವ್ವ" ಎಂದರು. "ಈಗ ತಕ್ಕೊಳ್ಳಿ. ಅವಳಿಗೆ ಕೊಟ್ಟುಬಿಡಿ."